ಮೂರು ಗುಲಗಂಜಿ ತೂಕ

ವೀರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಸೂಪಿ ಕಾಕನ ವಾಚ್ ರಿಪೇರಿ ಅಂಗಡಿ.
ಬುಧವಾರ, ಸಂತೆಯ ಚೀಲವನ್ನು ಮೆಟ್ಟಿಲಿಗೆ ಒರಗಿಸಿ
ಕೇಳುತ್ತೇನೆ: ಇವತ್ತು ಎಷ್ಟು?

ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ
"ಒಂಬತ್ತೂವರೆ, ದೇಚಕ್ಕ."
ಹೋದ ವಾರ ಎಂಟು.
ಅದಕ್ಕೂ ಹಿಂದೆ, ನಾಳೆ ಬರುತ್ತೇನೆಂದು ಎದ್ದು ಹೋದ ದಿನ,
ಏಳು ಸಾವಿರದ ಇನ್ನೂರು.
"ಹುತ್ತರಿಯೊಳಗೆ ಹನ್ನೆರಡು ದಾಟದಿದ್ದರೆ
ಈ ಅಂಗಡಿಯ ಗಡಿಯಾರವನ್ನೆಲ್ಲ ನಿಲ್ಲಿಸಿಬಿಡುತ್ತೇನೆ."
ಅರ್ಧ ಈಗಾಗಲೇ ನಿಂತಿವೆ, ಅದು ಬೇರೆ ಮಾತು.

ವೀರರಾಯ ಹಣ.
ತೊಗರಿಬೇಳೆಗಿಂತ ತೆಳು, ಮೂರು ಗುಲಗಂಜಿ ತೂಕದ ಚಿನ್ನ.
ಒಂದು ಮೈಯಲ್ಲಿ ಮೊಸಳೆ, ಅದರ ಮೇಲೆ ಚುಕ್ಕಿ, ಅಂತಾರೆ;
ನನಗೆ ಕಂಡದ್ದು ಹಲ್ಲು ಮುರಿದ ಬಾಚಣಿಗೆ.
ನಾವು ಹಣ ಹಣ ಅಂತ ಬಾಯಿ ಬಿಡುವುದು
ಮೊದಲು ಇಂಥ ಚೂರಿನ ಹೆಸರಂತೆ.
ಇಷ್ಟು ಚಿಕ್ಕದಕ್ಕೆ ಅಷ್ಟು ದೊಡ್ಡ ಬಾಯಿ.

ಇಪ್ಪತ್ತೆರಡು ವರ್ಷ ಕಾಫಿ ಗೋದಾಮಿನಲ್ಲಿ ತೂಕ ಬರೆದವಳು ನಾನು,
ಐವತ್ತು ಕಿಲೋದ ಮೂಟೆಗಿಂತ ಕಡಿಮೆಯದನ್ನು
ಲೆಕ್ಕಕ್ಕೆ ಹಿಡಿದವಳಲ್ಲ.
ಏರುವ ರೇಟಿನ ಮುಖ ನನಗೆ ಗೊತ್ತು.
ವೆನಿಲಾ ಬಂದ ವರ್ಷ ಅದು ನಮ್ಮ ಜಗಲಿಯಲ್ಲೇ ಕೂತು ಕಾಫಿ ಕುಡಿದಿತ್ತು.
ಅಣ್ಣ ಮೊಣ್ಣಪ್ಪ ಮೊಳದುದ್ದದ ಬಳ್ಳಿಗೆ
ಎಮ್ಮೆಕರುವಿನ ಬೆಲೆ ಕೊಟ್ಟು ತಂದ.
ಬೆಳಗ್ಗೆ ಬಿರಿದ ಹೂ ಮಧ್ಯಾಹ್ನಕ್ಕೆ ಬಾಡುತ್ತದೆ ಅಂತ
ಬಿಸಿಲೇರುವ ಮುನ್ನ ಹಿಡಿಕಡ್ಡಿ ಚೂಪು ಮಾಡಿ
ಒಂದೊಂದು ಹೂವಿಗೂ ನಾವೇ ಜೇನುಹುಳುಗಳಾದೆವು.
ರಾತ್ರಿ ಟಾರ್ಚ್ ಹಿಡಿದು ಕಾವಲು.
ಕಾಯಿ ಬಲಿತು ಕೊಯ್ಯುವಷ್ಟರಲ್ಲಿ
ಕೊಳ್ಳುವವನು ಫೋನು ಎತ್ತುವುದು ನಿಲ್ಲಿಸಿದ್ದ.
ಅಕ್ಕಿ ಡಬ್ಬದಲ್ಲಿ ಈಗಲೂ ನಾಲ್ಕು ಕೋಡು ಇವೆ.
ಪಾಯಸ ಚೆನ್ನಾಗಿ ಬರುತ್ತದೆ.

ಹಾಗೆಂದು ಕೈ ಕಟ್ಟಿ ಕೂತೂ ಕೆಟ್ಟಿದ್ದೇನೆ.
ಕರಿಮೆಣಸನ್ನು ನಾಲ್ಕುನೂರಕ್ಕೆ ಕೊಟ್ಟು
ಜಾಣೆ ಅನಿಸಿಕೊಂಡ ತಿಂಗಳೇ ಅದು ಆರುನೂರಕ್ಕೆ ಹಾರಿತು.

ರವಿಕೆಯೊಳಗೆ ಚೀಟಿ ಎತ್ತಿದ ಹತ್ತು ಸಾವಿರ,
ಬೆವರಿಗೆ ಮೆತ್ತಗಾಗಿ.
ಕೇಳಿದೆ: ಕಾಕ, ನಾಳೆ ನಾನೇ ಮಾರಲು ಬಂದರೆ
ನೀವು ಎಷ್ಟಕ್ಕೆ ಕೊಳ್ಳುತ್ತೀರಿ?
ಆಗ ಭೂತಗನ್ನಡಿ ಕೆಳಗೆ ಬಂತು.
ಬರಿಗಣ್ಣಿನಲ್ಲಿ ಅವರು ಇಷ್ಟು ವಯಸ್ಸಾದವರೆಂದು ಗೊತ್ತಿರಲಿಲ್ಲ.
"ಅದು... ಆಗ ನೋಡೋಣ."

ಸರಿ, ಒಮ್ಮೆ ಅಂಗೈ ಮೇಲೆ ಇಡಿ ಅಂದೆ.
ಇಟ್ಟರು. ಬಾಗಿಲಲ್ಲಿ ಲಾರಿ ಹಾರ್ನ್ ಹೊಡೆಯಿತು, ಬೆಚ್ಚಿದೆ,
ಅಂಗೈ ಖಾಲಿ.

ಇಬ್ಬರೂ ಮಂಡಿಯೂರಿದೆವು.
ಸ್ಪ್ರಿಂಗು, ತಿರುಪು, ಸತ್ತ ಸೆಲ್ಲು, ಜಿರಳೆಯ ಕಾಲು,
ಯಾರದೋ ಮದುವೆ ವಾಚಿನ ನಿಮಿಷದ ಮುಳ್ಳು.
ಆ ಕಾಲು ಗಂಟೆ ಹಣಕ್ಕೆ ರೇಟೇ ಇರಲಿಲ್ಲ.
ಕಳೆದದ್ದು ನನ್ನದಾಗಿಬಿಟ್ಟಿತ್ತು, ಕೊಳ್ಳದೆಯೇ,
ಹುತ್ತರಿ ನೆನಪಾಗಲಿಲ್ಲ, ಹನ್ನೆರಡು ನೆನಪಾಗಲಿಲ್ಲ,
ಸಿಕ್ಕರೆ ಸಾಕು ಅಂತ ಇಗ್ಗುತ್ತಪ್ಪನಿಗೆ ನಾನು,
ಮಲೆಯಾಳದಲ್ಲಿ ಏನೋ ಗೊಣಗುತ್ತ ಅವರು.

ಸಿಕ್ಕಿತು. ನನ್ನದೇ ಸಂತೆಚೀಲದಲ್ಲಿ,
ಕೆಸುವಿನೆಲೆಯ ಮೇಲೆ ನೀರಹನಿಯ ಹಾಗೆ
ಅಂಟದೆ, ಕೂತು.

ಚಿಮಟದಲ್ಲಿ ಎತ್ತಿ ಅವರು ಕಾಗದಕ್ಕೆ ಮಡಿಸಿದರು.
ಮಡಿಸಿದ್ದನ್ನು ನನ್ನ ಕಡೆ ಸರಿಸಲೂ ಇಲ್ಲ,
ಡ್ರಾಯರಿನ ಕಡೆ ಎಳೆದುಕೊಳ್ಳಲೂ ಇಲ್ಲ.
"ಎಂಟಕ್ಕೆ ಕೊಡುತ್ತೇನೆ," ಅಂದರು ತಡವಾಗಿ.
ಏರುವ ರೇಟು ನನಗಾಗಿ ಇಳಿದದ್ದು ಅದೇ ಮೊದಲು.
ಆಗಲೇ ನನಗೆ ಭಯವಾದದ್ದು.

ಸಿದ್ದಾಪುರದ ಪ್ರೈವೇಟ್ ಬಸ್ಸು.
ಚಿಲ್ಲರೆಯಿಲ್ಲ ಅಂತ ಕಂಡಕ್ಟರ್
ಟಿಕೇಟಿನ ಬೆನ್ನಿಗೆ ಎರಡು ರೂಪಾಯಿ ಬರೆದುಕೊಟ್ಟ.
ರವಿಕೆಯಲ್ಲಿ ಹತ್ತು ಸಾವಿರ ಹಾಗೇ ಇತ್ತು.
ದಾರಿಯುದ್ದಕ್ಕೂ ಆ ಟಿಕೇಟನ್ನು
ಬೆರಳ ಸಂದಿಯಲ್ಲಿ ಬಿಗಿಯಾಗಿ ಹಿಡಿದಿದ್ದೆ,
ಇಳಿಯುವಾಗ ಕೇಳಿ ಪಡೆದೆ.